ಕೇಕಿಗೆ ಬರೆದುಕೊಟ್ಟ ಚೀಟಿ

ಮಗಳ ಆರತಕ್ಷತೆಗೆ ಕೇಕು ಬೇಕೆಂದು ತೀರ್ಮಾನವಾದಾಗ ನಾನು ಗಾಬರಿಯಾಗಲಿಲ್ಲ. ಹೊಸದುರ್ಗದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು ನಾನು. ಬೆಳಿಗ್ಗೆ ಐದಕ್ಕೆ ಗಂಟೆ, ಐದೂಕಾಲಿಗೆ ಸ್ನಾನದ ಸಾಲು. ಮೊಟ್ಟೆ ಕೊಡುವ ದಿನ ಮೊಟ್ಟೆ ತಿನ್ನುವವರದೊಂದು ಸಾಲು, ತಿನ್ನದವರದು ಬಾಳೆಹಣ್ಣಿನ ಸಾಲು. ಒಂದು ದಿನವೂ ಅದಲುಬದಲಾಗಲಿಲ್ಲ. ಅಂಥವಳಿಗೆ ಒಂದು ಕೇಕು ಯಾವ ಲೆಕ್ಕ?

ಮಗಳ ಷರತ್ತು ಒಂದೇ: ಮೊದಲ ತುಂಡನ್ನು ದೊಡ್ಡಮ್ಮನಿಗೆ ತಿನ್ನಿಸಬೇಕು. ದೊಡ್ಡಮ್ಮ ಎಂದರೆ ನನ್ನ ಅಕ್ಕ. ನಾನು ಹಾಸ್ಟೆಲಿನಲ್ಲಿ ಊರವರ ಮಕ್ಕಳನ್ನು ಎಬ್ಬಿಸುತ್ತಿದ್ದ ಆರು ವರ್ಷ ನನ್ನ ಮಗಳಿಗೆ ಧರ್ಮಪುರದಲ್ಲಿ ತುತ್ತು ಕೊಟ್ಟು ಸಾಕಿದವಳು. ಅವಳು ಮೊಟ್ಟೆ ಮುಟ್ಟುವುದಿಲ್ಲ. ಬಿಸ್ಕತ್ತನ್ನೂ ಮೂಸಿ ನೋಡಿಯೇ ತಿನ್ನುತ್ತಾಳೆ.

"ದೊಡ್ಡಮ್ಮ ಬಾಯಿ ತೆಗೀಲಿಲ್ಲ ಅಂದ್ರೆ ನಂಗೆ ಕೇಕೇ ಬೇಡಮ್ಮ" ಎಂದಳು ಮಗಳು.

ಆದ್ದರಿಂದ ಅಕ್ಕನನ್ನೇ ಕರೆದುಕೊಂಡು ಹಿರಿಯೂರಿನ ಬೇಕರಿಗೆ ಹೋದೆ. ಹತ್ತು ಗಂಟೆ ಎಂದಿದ್ದೆ, ಹತ್ತಕ್ಕೆ ಹೋದೆವು. ಬೇಕರಿಯವರು ಹತ್ತೂವರೆಗೆ ಬಾಗಿಲು ತೆಗೆದರು. ರುಚಿ ನೋಡಲು ತಟ್ಟೆಯಲ್ಲಿ ಚಿಕ್ಕ ಚಿಕ್ಕ ತುಂಡುಗಳನ್ನಿಟ್ಟರು. ಎಂಟು ಗಂಟೆಯ ತಿಂಡಿ ಮುಗಿದರೆ ಮಧ್ಯಾಹ್ನ ಒಂದರವರೆಗೆ ಏನನ್ನೂ ತಿನ್ನದ ನಾನು ಅಂದು ಅಷ್ಟನ್ನೂ ತಿಂದೆ. ಅಕ್ಕ ಒಂದನ್ನೂ ಬಾಯಿಗಿಡದೆ ಎಲ್ಲದಕ್ಕೂ ತೀರ್ಪು ಕೊಟ್ಟಳು.

"ಬ್ಲಾಕ್ ಫಾರೆಸ್ಟ್ ತಗಳ್ರಿ, ಎಲ್ರೂ ಅದನ್ನೇ ಒಯ್ತಾರೆ" ಎಂದರು ಬೇಕರಿಯವರು.

"ಮದ್ವೆ ಮನೆಗೆ ಕರೀದು ಯಾರಪ್ಪ ತರ್ತಾರೆ?"

ರೆಡ್ ವೆಲ್ವೆಟ್ ನೋಡಿ "ಕೆಮ್ಮಣ್ಣು ಕಲಸಿದಂಗೈತೆ" ಎಂದಳು. ಮೇಲೆ ಹಚ್ಚುವ ಬಿಳಿ ಕ್ರೀಮು ಬರೀ ಬಿಳಿಯಾದ್ದರಿಂದ ಬೇಡವಾಯಿತು. ಅರಿಶಿಣದ ಬಣ್ಣ ಬರಬೇಕಂತೆ. ಬಟರ್‌ಸ್ಕಾಚಿನ ಮೇಲಿದ್ದ ಗರಿಗರಿ ಚೂರನ್ನು ಮಾತ್ರ ಉಗುರಿನಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಇದು ಚಿಕ್ಕಿ ಕಣೆ. ಶೇಂಗಾ ಹಾಕೋದು ಮರ್ತವ್ರೆ."

"ಶೇಂಗಾನೂ ಹಾಕಾಣ ಬಿಡ್ರಿ ಅಮ್ಮಾರೆ. ಎಲ್ಲ ಎಗ್‌ಲೆಸ್ಸೇ, ಧೈರ್ಯವಾಗಿ ತಿನ್ರಿ."

"ಎಗ್ಗು ಲೆಸ್ಸಾ? ಎಷ್ಟು ಲೆಸ್ಸು?"

"ಪೂರಾ ಲೆಸ್ಸು ಅಮ್ಮ."

"ಸೀರೆ ಅಂಗಡಿಯೋನೂ ಲೆಸ್ಸು ಅಂತಾನೆ, ಪುಕ್ಸಟ್ಟೆ ಕೊಟ್ಟಿದ್ದು ನಾ ಕಾಣೆ. ಹತ್ತು ಹಾಕೋ ಕಡೆ ಎರಡು ಹಾಕ್ತೀಯ, ಅಷ್ಟೇ ತಾನೆ?"

ಅವರು ರಟ್ಟಿನ ಡಬ್ಬಿ ತಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಅಕ್ಷರ ತೋರಿಸಿದರು. "ಅದ್ರಲ್ಲೂ ಲೆಸ್ಸು ಅಂತಾನೇ ಐತಲ್ಲ" ಎಂದಳು ಅಕ್ಕ. ನಾನು ವ್ಯಾಕರಣ ಹೇಳಲು ಹೋದೆ. ಪದದ ಕೊನೆಗೆ 'ಲೆಸ್' ಬಂದರೆ ಇಲ್ಲವೇ ಇಲ್ಲ ಎಂದರ್ಥ, ಶುಗರ್‌ಲೆಸ್ ಟೀ ಇದ್ದ ಹಾಗೆ ಎಂದೆ.

"ಹೋಟ್ಲಲ್ಲಿ ಶುಗರ್ ಲೆಸ್ಸು ಅಂದ್ರೆ ಸಕ್ರೆ ಕಮ್ಮಿ ಹಾಕಿ ಕೊಡ್ತಾರೆ. ನೀನು ಕುಡ್ದಿಲ್ವಾ?"

ಕುಡಿದಿದ್ದೆ.

"ಇಲ್ಲ ಅಂದ್ರೆ ಇಲ್ಲ ಅಂತ ಕನ್ನಡದಾಗೆ ಬರೀಲಿ. ಆಮೇಲೆ ತಿಂತೀನಿ."

ಇದಕ್ಕಿಂತ ಸುಲಭದ ಷರತ್ತಿಲ್ಲ. ಹಾಸ್ಟೆಲಿನ ಅಭ್ಯಾಸದಂತೆ ಚೀಟಿ ಬರೆದೆ. ಒಂದು: ಬಟರ್‌ಸ್ಕಾಚ್. ಎರಡು: ಮೇಲೆ ತಿಳಿ ಅರಿಶಿಣ ಬಣ್ಣದ ಕ್ರೀಮು. ಮೂರು: ಮೇಲೆ ಶೇಂಗಾ ಚಿಕ್ಕಿಯ ತರಿ. ನಾಲ್ಕು: ಮೇಲೆ ದೊಡ್ಡ ಅಕ್ಷರದಲ್ಲಿ 'ಮೊಟ್ಟೆ ಇಲ್ಲ' ಎಂದು ಬರೆಯುವುದು. ಬೇಕರಿಯವರಿಂದ ಜೋರಾಗಿ ಓದಿಸಿ, ಕೆಳಗೆ ಸಹಿ ಮಾಡಿಸಿದೆ.

"ಹುಡುಗ ಹುಡುಗಿ ಹೆಸ್ರು?" ಎಂದರು.

"ಚೀಟೀಲಿ ಏನಿದೆಯೋ ಅಷ್ಟೇ. ನಿಮ್ಮ ಬುದ್ಧಿ ಉಪಯೋಗಿಸಬೇಡಿ" ಎಂದೆ. ಹೊಸ ಅಡುಗೆಯವರಿಗೆಲ್ಲ ನಾನು ಹೇಳುತ್ತಿದ್ದ ಮಾತು ಅದು.

ಅವರು ಉಪಯೋಗಿಸಲಿಲ್ಲ.

ಆರತಕ್ಷತೆಯ ಸಂಜೆ ಆರೂವರೆಗೆ ಸರಿಯಾಗಿ ಬೇಕರಿಯವರೇ ಬಂದು ವೇದಿಕೆಯ ಮೇಲೆ ಡಬ್ಬಿ ತೆರೆದರು. ಎರಡು ಅಂತಸ್ತಿನ ಕೇಕು, ಒಪ್ಪವಾದ ಅರಿಶಿಣ ಬಣ್ಣ, ಅಂಚಿನಲ್ಲಿ ಚಿಕ್ಕಿಯ ತರಿ. ನಡುವೆ ಕೆಂಪು ಹೃದಯ. ಹೃದಯದೊಳಗೆ, ವಧೂವರರ ಹೆಸರಿರಬೇಕಾದ ಜಾಗದಲ್ಲಿ, ದುಂಡಾದ ಅಕ್ಷರಗಳಲ್ಲಿ: ಮೊಟ್ಟೆ ಇಲ್ಲ.

ಅಳಿಯನ ಸ್ನೇಹಿತರು ಮೊಬೈಲು ಎತ್ತಿದರು. ಬೀಗಿತಿ ನನ್ನ ಕಿವಿಯ ಹತ್ತಿರ ಬಂದು, "ಇದು ನಿಮ್ ಕಡೆ ಪದ್ಧತಿ ಏನ್ರಿ?" ಎಂದರು. ಹೌದು ಎಂದೆ. ಬೇಕರಿಯವರನ್ನು ಮೂಲೆಗೆ ಕರೆದೆ. ಅವರು ಜೇಬಿನಿಂದ ಚೀಟಿ ತೆಗೆದರು.

"ನಾಲ್ಕನೇದು ನೋಡ್ರಿ ಮೇಡಮ್ಮಾರೆ. ನಿಮ್ದೇ ಅಕ್ಷರ."

'ಮೇಲೆ' ಎನ್ನುವುದರ ಹಿಂದೆ 'ಡಬ್ಬಿಯ' ಎಂಬ ಒಂದು ಪದ ಬಿಟ್ಟಿದ್ದೆ. ಅಷ್ಟು ವರ್ಷ ಹುಡುಗಿಯರ ರಜೆ ಅರ್ಜಿಗಳಲ್ಲಿ ಬಿಟ್ಟ ಪದ ಹುಡುಕಿ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದವಳು ನಾನೇ.

ಅಷ್ಟರಲ್ಲಿ ಮಗಳು ಅಕ್ಕನನ್ನು ವೇದಿಕೆಗೆ ಕೈಹಿಡಿದು ಹತ್ತಿಸಿದ್ದಳು. ಅಕ್ಕ ಕನ್ನಡಕ ಹಾಕಿಕೊಂಡು ಕೇಕಿನ ಮೇಲೆ ಬಗ್ಗಿದಳು. ಮಗಳು ನಗಲಿಲ್ಲ, ಚಾಕು ಹಿಡಿದು ಅವಳ ಬಾಯನ್ನೇ ನೋಡುತ್ತಿದ್ದಳು.

"ಮೊ... ಟ್ಟೆ... ಇಲ್ಲ." ಅಕ್ಕ ತಲೆಯೆತ್ತಿದಳು. "ಹಿಂಗ್ ಬರೀಬೇಕು ನೋಡು. ಕೊಡವ್ವ."

ಬಾಯಿ ತೆರೆದಳು. ಮಗಳು ತಿನ್ನಿಸಿದಳು, ಆಮೇಲೆ ಅದೇ ಕೈಯಿಂದ ಕಣ್ಣೊರೆಸಿಕೊಂಡು ರೆಪ್ಪೆಗೆಲ್ಲ ಅರಿಶಿಣದ ಕ್ರೀಮು ಮಾಡಿಕೊಂಡಳು. ಅಕ್ಕ ನಿಧಾನವಾಗಿ ಅಗಿದು, ಶೇಂಗಾ ಇನ್ನೊಂದಿಷ್ಟು ಹುರಿಯಬೇಕಿತ್ತು ಎಂದಳು.

ಹರಿಯಬ್ಬೆಯಿಂದ ಬಂದಿದ್ದ ನಮ್ಮ ನೆಂಟರು ಮಾತ್ರ ಕೇಕಿನ ಹತ್ತಿರ ಬಂದವರು ಹಾಗೇ ಹಿಂದಕ್ಕೆ ಸರಿದು ಬಾಳೆಹಣ್ಣಿನ ತಟ್ಟೆಯ ಕಡೆ ಸಾಲು ನಿಂತರು. ಯಾಕೆಂದು ಹೋಗಿ ನೋಡಿದೆ. ಮಗಳು ಕೊಯ್ದ ತುಂಡಿನಲ್ಲಿ ಎರಡನೇ ಪದ ಪೂರ್ತಿ ಹೋಗಿತ್ತು. ಕೇಕಿನ ಮೇಲೆ ಉಳಿದದ್ದು 'ಮೊಟ್ಟೆ' ಒಂದೇ.

ಅಕ್ಕ ವೇದಿಕೆಯ ಮೇಲಿಂದಲೇ ಕೂಗಿದಳು: "ಲೇ, ಬರ್ರಲೇ! 'ಇಲ್ಲ' ಅನ್ನೋದು ನನ್ ಹೊಟ್ಟೇಲೈತೆ, ಧೈರ್ಯವಾಗಿ ತಿನ್ರಿ!"