ಕಿಂಡಿಯಿಲ್ಲದ ಕ್ಯಾಮೆರಾ

ಮೈಲಾರಪ್ಪ, ನಿನಗೆ ಕೆಲಸಕ್ಕೆ ಬಾರದ ಕ್ಯಾಮೆರಾ ಕೊಡಿಸಿದವನು ನಾನು—ತಿಳಿಯದೆ ಅಲ್ಲ, ತಿಳಿದೇ. ಸ್ನೇಹದಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ನಿನ್ನನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ.

ನಾನು ಹಿರಿಯೂರಿನಲ್ಲಿ ವಿಜ್ಞಾನದ ಮೇಷ್ಟ್ರು, ನೀನು ಅದೇ ಶಾಲೆಯ ಗುಮಾಸ್ತ. ಹಕ್ಕಿ ಹುಚ್ಚು ನನ್ನದು. ಹಕ್ಕಿ ಕಾಣುವ ಕಣ್ಣು ನಿನ್ನದು. ಯಲ್ಲದಕೆರೆಯಲ್ಲಿ ಕುರಿ ಕಾಯ್ದು ಬೆಳೆದವನು—"ಅಗೋ, ಆ ಕಲ್ಲಿನ ಎಡಕ್ಕೆ ಕುಂತೈತೆ ನೋಡ್ರಿ" ಎನ್ನುತ್ತಿದ್ದೆ. ನಾನು ಬ್ಯಾಟರಿ, ಕೊಡೆ, ಹೊಟ್ಟೆನೋವಿನ ಮಾತ್ರೆ ಇವೆಯೇ ಎಂದು ಮೂರನೇ ಸಲ ಚೀಲ ತಡಕುತ್ತಿರುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಹಕ್ಕಿ ಹಾರಿರುತ್ತಿತ್ತು.

ಒಂದು ದಿನ ನೀನು ಎರೆಭೂತ ಕಂಡೆ ಎಂದೆ—ಸೊಂಟದೆತ್ತರದ, ನಮ್ಮ ಸೀಮೆಯಿಂದ ಅಳಿದೇ ಹೋಯಿತೆಂದು ಎಲ್ಲರೂ ನಂಬಿದ್ದ ಹಕ್ಕಿ. ಹಕ್ಕಿ ನೋಡುವವರ ನಮ್ಮ ವಾಟ್ಸಾಪ್ ಬಳಗದವರು ಫೋಟೋ ಕೇಳಿ ನಕ್ಕರು. ಅದಕ್ಕೇ ನೀನು ಕ್ಯಾಮೆರಾ ಕೊಳ್ಳಲು ಹೊರಟೆ. ಆರಿಸಿಕೊಡಲು ನನ್ನನ್ನು ಚಿತ್ರದುರ್ಗಕ್ಕೆ ಕರೆದೊಯ್ದೆ.

ಅಂಗಡಿಯಲ್ಲಿ ಎರಡು ಜೂಮ್ ಕ್ಯಾಮೆರಾ ಇದ್ದವು. ಒಂದಕ್ಕೆ ಕಣ್ಣಿಟ್ಟು ನೋಡುವ ಕಿಂಡಿ ಇತ್ತು. ಇನ್ನೊಂದಕ್ಕೆ ಬರೀ ಪರದೆ. ಜೂಮ್ ಸಂಖ್ಯೆ ಮಾತ್ರ ದೊಡ್ಡದು. ನಮ್ಮ ಬಿಸಿಲಲ್ಲಿ ಆ ಪರದೆಯ ಮೇಲೆ ನಮ್ಮ ಮುಖ ಬಿಟ್ಟರೆ ಏನೂ ಕಾಣದು—ಅಂಥದ್ದನ್ನೇ ಕೊಂಡು ಪಾಡುಪಟ್ಟು ಮಾರಿದವನು ನಾನು. ಆದರೆ ಕಣ್ಣಿನ ಜೊತೆ ಕ್ಯಾಮೆರಾವೂ ನಿನ್ನದಾದರೆ ನನಗೆ ಉಳಿಯುವುದೇನು?

"ಕಿಂಡಿ ಯಾಕಪ್ಪ? ದೊಡ್ಡ ನಂಬರಿಂದು ತಗ."

"ಬಲ್ಲೋರ್ನ ಸಂತೆಗೆ ಕರ್ಕಂಡು ಬಂದ್ಮೇಲೆ ಕುರಿ ಬೆನ್ನು ನಾವು ಒತ್ತಿ ನೋಡಬಾರ್ದು ಮೇಷ್ಟ್ರೇ. ನೀವು ಹೇಳಿದ್ದೇ ಆತು."

ನೀನು ಒಂದು ಸಲ ಅದನ್ನು ಅಂಗಡಿಯ ಹೊರಗೆ ಬಿಸಿಲಿಗೆ ತಂದು ನೋಡಲೂ ಇಲ್ಲ. ನಿಮ್ಮವರ ಆ ಕಟ್ಟುಪಾಡಿನ ಮೇಲೂ ನನಗೆ ಸಿಟ್ಟು ಬಂತು. ಒಂದು ಮಾತು ಎದುರಾಡಿದ್ದರೆ—ಇಲ್ಲ, ಆಗಲೂ ಸುಳ್ಳೇ ಹೇಳುತ್ತಿದ್ದೆ.

ಮುಂದಿನ ಭಾನುವಾರ ನಾವಿಬ್ಬರೇ ಇದ್ದಾಗ ಎರೆಭೂತ ಹುಲ್ಲಿನಿಂದ ಎದ್ದಿತು. ನೀನು ಪರದೆಗೆ ಅಂಗೈ ಮರೆಹಿಡಿದು, ಬಗ್ಗಿ, ತಿರುಗಿ ಅದನ್ನು ಹುಡುಕಿದೆ. ನಾನು ಚೀಲದ ಜಿಪ್ಪಿನೊಡನೆ ಗುದ್ದಾಡುತ್ತಿದ್ದೆ. ಆದರೆ ನೋಡಿದೆ—ಬಿಳಿ ಕತ್ತು, ಕರಿ ನೆತ್ತಿ, ಭಾರದ ರೆಕ್ಕೆ. ಪೂರ್ತಿ ನೋಡಿದೆ.

"ಕಂಡ್ರಾ ಮೇಷ್ಟ್ರೇ? ಕಂಡ್ರಾ?"

"ಎಲ್ಲಿ ಲೇ? ಏನೂ ಇರ್ಲಿಲ್ಲ."

ನಿನ್ನ ಕ್ಯಾಮೆರಾದಲ್ಲಿ ಬರೀ ಆಕಾಶ, ಜಾಲಿ ಮುಳ್ಳು. "ನವಿಲು ಕಂಡಿರ್ಬೇಕು ಬಿಡ್ರಿ" ಎಂದು ಬಳಗದಲ್ಲಿ ಮೊದಲು ಬರೆದವನೂ ನಾನೇ. ನೀನು ಬಳಗ ಬಿಟ್ಟೆ. ಅಂದಿನಿಂದ ಯಾರಿಗೂ ಹಕ್ಕಿ ತೋರಿಸಲಿಲ್ಲ. ನಿನ್ನ ಕಣ್ಣಿನ ಮೇಲೆ ನಿನಗೇ ಅನುಮಾನ ಹುಟ್ಟಿತು. ಅದನ್ನು ಹುಟ್ಟಿಸಿ, ನಾನು ಎದುರು ಮೇಜಿನಲ್ಲಿ ಕುಳಿತು ವರ್ಷಗಟ್ಟಲೆ ನೋಡಿದೆ.

ಇವತ್ತು ಬೆಳಿಗ್ಗೆ ಬಳಗದಲ್ಲಿ ಬರೆದೆ: ಮೈಲಾರಪ್ಪ ಹೇಳಿದ್ದು ನಿಜ, ನಾನೂ ನೋಡಿದ್ದೆ, ಸುಳ್ಳು ಹೇಳಿದೆ.

"ಬಿಸ್ಲು ಜಾಸ್ತಿ ಐತೆ ಸಾರ್, ಮಜ್ಜಿಗೆ ಕುಡೀರಿ" ಎಂದು ಒಬ್ಬ ಉತ್ತರಿಸಿದ. ಹಿಂದೆಯೇ ನಗುವ ಮುಖಗಳ ಸಾಲು.

ಯಾರೂ ನಂಬಲಿಲ್ಲ. ಮತ್ತೆ ಬರೆದೆ.