ಪ್ರಾರ್ಥನೆಯ ನಡುವೆ ಒಂದು ಕೆಮ್ಮು

ಕುಣಿಗಲ್ಲಿನ ಮೆಡಿಕಲ್ ಸ್ಟೋರೊಂದರಲ್ಲಿ ಮೊನ್ನೆ ಯಾರೋ ನೀಲಗಿರಿ ಎಣ್ಣೆಯ ಸೀಸೆ ಕೈಜಾರಿಸಿ ಒಡೆದರು. ಅಂಗಡಿಯವನು ಗೊಣಗುತ್ತ ಗಾಜು ಗುಡಿಸುತ್ತಿದ್ದ. ಆ ವಾಸನೆಗೆ ನಾನು ಬಂದ ಕೆಲಸ ಮರೆತು, ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಈಗ ಇಲ್ಲದ ಒಂದು ಮನೆಯ ಚಾಪೆಯ ಮೇಲೆ ಕೂತಿದ್ದೆ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು. ದೀಪ ಹಾಕುವ ಹೊತ್ತಿಗೆ ಅಲ್ಲಿ ಕುಟುಂಬ ಪ್ರಾರ್ಥನೆ. ಒಲೆಯ ಮೇಲೆ ಹಾಲು ಉಕ್ಕಿದರೂ ಏಳುವಂತಿರಲಿಲ್ಲ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ಅಜ್ಜಿಯ ದನಿಯೇ ಎಲ್ಲರಿಗಿಂತ ಮುಂದು. ಆದರೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಆ ಒಂದು ಸಾಲು ಬರುತ್ತಲೇ ಅವಳಿಗೆ ಕೆಮ್ಮು ಹತ್ತುತ್ತಿತ್ತು. ಸಾಲು ಮುಗಿದರೆ ಕೆಮ್ಮೂ ಮುಗಿಯಿತು. ಅತ್ತೆಗೆ ಸಂಜೆಯ ಥಂಡಿ ಒಗ್ಗದು ಎಂದು ತೀರ್ಮಾನಿಸಿದ ನನ್ನ ಅಮ್ಮ, ಆಮೆನ್ ಆದ ಕೂಡಲೇ ಅವಳ ಎದೆಗೆ ನೀಲಗಿರಿ ಎಣ್ಣೆ ತಿಕ್ಕುತ್ತಿದ್ದಳು. ಅಜ್ಜಿ ಗಂಭೀರವಾಗಿ ತಿಕ್ಕಿಸಿಕೊಳ್ಳುತ್ತಿದ್ದಳು. ನನ್ನ ತಂಗಿಯಂತೂ ಕೆಮ್ಮು ಪ್ರಾರ್ಥನೆಯ ಭಾಗವೆಂದೇ ನಂಬಿ, ಸಂಡೇ ಸ್ಕೂಲಿನಲ್ಲಿ ಸರಿಯಾದ ಜಾಗದಲ್ಲಿ ಭಕ್ತಿಯಿಂದ ಕೆಮ್ಮಿ, ಅಯ್ಯನವರು, ಅಂದರೆ ನಮ್ಮ ಸಭೆಯ ಪಾದ್ರಿಗಳು, ಮನೆಗೇ ಬರುವಂತೆ ಮಾಡಿದಳು.

"ಏನಮ್ಮಾ, ಆ ಒಂದು ಮಾತು ಹೇಳೋಕಾಗಲ್ವಾ?" ಎಂದರು ಅಯ್ಯನವರು.

"ದೇವರ ಮುಂದೆ ಸುಳ್ಳು ಹೇಳು ಅಂತೀರಾ? ಅದ್ಕೇ ಕೆಮ್ತೀನಿ," ಎಂದಳು ಅಜ್ಜಿ. ದೇವಶಾಸ್ತ್ರ ಓದಿ ಬಂದಿದ್ದ ಅಯ್ಯನವರು ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು.

ಅವಳು ಕ್ಷಮಿಸಲಾರದೆ ಹೋದದ್ದು ಸ್ವಂತ ತಂಗಿಯನ್ನು, ಗುಬ್ಬಿಯ ಚಿಕ್ಕಜ್ಜಿಯನ್ನು. ರೋಗಿಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದರಲ್ಲಿ ಚಿಕ್ಕಜ್ಜಿಗೆ ಸಿ.ಎಸ್. ಪುರದವರೆಗೂ ಹೆಸರಿತ್ತು. ತಾತ ಕಾಮಾಲೆಯಲ್ಲಿ ತೀರಿಕೊಂಡಾಗ ಆಕೆ ಶವಪೆಟ್ಟಿಗೆಯ ಪಕ್ಕ ನಿಂತು, "ಈ ಮನೇಲಿ ನಂಬಿಕೆ ಇದ್ದಿದ್ರೆ ಭಾವ ಎದ್ದು ಕೂತಿರೋರು," ಎಂದುಬಿಟ್ಟಿದ್ದಳಂತೆ. ಗಂಡನ ಹಾಸಿಗೆಯ ಪಕ್ಕ ಮೊಣಕಾಲೂರಿ ಊರಿ ಮಂಡಿ ಕಪ್ಪಾಗಿದ್ದ ಅಜ್ಜಿ ಅದನ್ನು ಕೇಳಿಸಿಕೊಂಡಳು. ಆಮೇಲೆ ತುಮಕೂರಿಗೂ ಗುಬ್ಬಿಗೂ ನಡುವೆ ರೈಲು ಓಡಾಡಿತು, ಅಕ್ಕತಂಗಿಯರು ಓಡಾಡಲಿಲ್ಲ. ಚಿಕ್ಕಜ್ಜಿಯ ಗಂಡ ಸತ್ತಾಗಲೂ ಮಣ್ಣಿಗೆ ಹೋದವನು ನಮ್ಮ ಅಪ್ಪ ಒಬ್ಬನೇ.

ಅಜ್ಜಿಯ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿರುವುದು ಗೊತ್ತಾದಾಗ, ಬಂದ ನೆಂಟರೆಲ್ಲ ಬ್ರೆಡ್ಡು ಮೋಸಂಬಿಯ ಜೊತೆಗೆ ಒಂದು ಬುದ್ಧಿಮಾತನ್ನೂ ಇಟ್ಟುಹೋದರು: ತಂಗಿಯನ್ನು ಕ್ಷಮಿಸು, ವಾಸಿಯಾಗುತ್ತದೆ. "ವಾಸಿಯಾಗ್ಲಿ ಅಂತ ಕ್ಷಮಿಸಿದ್ರೆ ಅದು ಯಾಪಾರ. ಬ್ಯಾಡ ಬುಡು," ಎಂದು ಅಜ್ಜಿ ಗೋಡೆಯ ಕಡೆ ತಿರುಗಿದಳು.

ಕರೆಯದೆಯೇ ಚಿಕ್ಕಜ್ಜಿ ಬಂದಳು. ಮಂಚದ ಬಳಿ ನಿಂತು ಅಭ್ಯಾಸದಂತೆ ಕೈಯೆತ್ತಿದಳು. ಕೈ ಅಲ್ಲೇ ನಿಂತಿತು. "ನಮ್ಮನೆಯೋರ ತಲೆ ಮೇಲೂ ಇಟ್ಟಿದ್ದೆ ಕಣಕ್ಕ," ಎಂದಳು. "ಹೊಂಟೋದ್ರು."

ಅಜ್ಜಿ ಅವಳ ಕಡೆ ತಿರುಗಿದಳು. "ನಿಂಗೆ ನಂಬಿಕೆ ಇತ್ತಲ್ಲೇ."

"ಇತ್ತು ಕಣಕ್ಕ."

ಅಜ್ಜಿ ಆ ಕೈ ಹಿಡಿದೆಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ಏನೂ ಕೇಳ್ಬೇಡ. ಸುಮ್ನೆ ಇಟ್ಕೊಂಡಿರು."

ಆ ಸಂಜೆ ಅಜ್ಜಿ ಕೆಮ್ಮಲಿಲ್ಲ. ಅಮ್ಮ ಎಣ್ಣೆಯ ಸೀಸೆ ಹಿಡಿದು, ಏನು ಮಾಡುವುದೆಂದು ತೋಚದೆ ನಿಂತಿದ್ದಳು. ಗಡ್ಡೆ ಕರಗಲಿಲ್ಲ. ನಮ್ಮ ನೆಂಟರ ಲೆಕ್ಕದಲ್ಲಿ ಇದು ದೇವರ ಕಡೆಯಿಂದಾದ ದೊಡ್ಡ ಲೋಪ. "ನೋವು ಹೆಂಗೈತಕ್ಕ?" ಎಂದು ನಮ್ಮಲ್ಲೇ ಉಳಿದುಕೊಂಡ ಚಿಕ್ಕಜ್ಜಿ ಕೇಳಿದರೆ, "ಇದ್ದಂಗೇ ಐತೆ. ನಿದ್ದೆ ಬತ್ತದೆ," ಎನ್ನುತ್ತಿದ್ದಳು ಅಜ್ಜಿ. ತಾತ ಹೋದಮೇಲೆ ಅವಳು ನೆಟ್ಟಗೆ ಮಲಗಿದ್ದನ್ನು ಯಾರೂ ಕಂಡಿರಲಿಲ್ಲ. ಪ್ರಾರ್ಥನೆಯಿಂದ ವಾಸಿಯಾಗುತ್ತದೆಯೇ ಎಂದು ಈಗ ಯಾರಾದರೂ ಕೇಳಿದರೆ ನಾನು ಇಷ್ಟನ್ನೇ ಹೇಳುತ್ತೇನೆ. ಕೇಳಿದವರಿಗೆ ಅಷ್ಟು ಸಾಲುವುದಿಲ್ಲ.

ಒಂದು ಬೆಳಿಗ್ಗೆ ನಾವು ಎದ್ದಾಗ ಚಿಕ್ಕಜ್ಜಿ ಅಕ್ಕನ ಕೈ ಹಿಡಿದು ಕೂತಿದ್ದಳು. ಅಜ್ಜಿಯ ಬಾಯಿ ತುಸು ತೆರೆದಿತ್ತು. ಕಾಫಿ ತಂದ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. "ಸದ್ದು ಮಾಡ್ಬ್ಯಾಡ್ರವ್ವ," ಎಂದಳು ಚಿಕ್ಕಜ್ಜಿ, "ಅಕ್ಕ ಮಲಗವ್ಳೆ." ಅವಳಿಗೆ ತಿಳಿದಿತ್ತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಅಮ್ಮ ಲೋಟವನ್ನು ನೆಲಕ್ಕಿಟ್ಟು ಕಿಟಕಿಯ ಪರದೆ ಎಳೆದಳು. ಬಿಸಿಲೇರುವವರೆಗೂ ಆ ಮನೆಯಲ್ಲಿ ಯಾರೂ ದನಿ ತೆಗೆದು ಅಳಲಿಲ್ಲ.