ಟವೆಲ್ಲಿನ ಕೆಳಗಿನ ಉತ್ತರ

ನಾನು ಹುಟ್ಟಾ ಅನುಮಾನದ ಪ್ರಾಣಿ. ಬಸ್ಸಿನ ಬೋರ್ಡಿನಲ್ಲಿ ಹೊನ್ನಾಳಿ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಹತ್ತುವ ಮೊದಲು ಇಬ್ಬರನ್ನು ಕೇಳುತ್ತೇನೆ. ಎದುರಿಗೆ ಬಂದವರು ಕಾರಣವಿಲ್ಲದೆ ನಕ್ಕರೆ ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುತ್ತೇನೆ. ಈ ಗುಣದಿಂದ ನನಗೆ ಅಂಥ ನಷ್ಟವೇನೂ ಆಗಿಲ್ಲ. ನಷ್ಟವಾದದ್ದು ನನ್ನ ಭಾವನಿಗೆ. ಅದೂ ಟಿ.ವಿ.ಯಲ್ಲಿ, ಊರೆಲ್ಲ ನೋಡುತ್ತಿರುವಾಗ.

ಭಾವ ಎಂದರೆ ಅಕ್ಕನ ಗಂಡ, ಚನ್ನಗಿರಿಯಲ್ಲಿ ಅಡಿಕೆ ದಲ್ಲಾಳಿ. ಎಪ್ಪತ್ತರ ದಶಕದಲ್ಲಿ ನಾನು ಹೈಸ್ಕೂಲು, ಕಾಲೇಜು ಎಲ್ಲ ಮುಗಿಸಿದ್ದು ಅವರ ಮನೆಯಲ್ಲಿದ್ದುಕೊಂಡೇ. ಆಗ ಅಡಿಕೆಯ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಸುತ್ತ ಹತ್ತು ಜನ ಕಿವಿ ನಿಮಿರಿಸಿಕೊಂಡು ನಿಂತಿರುತ್ತಾರಲ್ಲ, ಅವರಿಗೆ ತಿಳಿಯಬಾರದು. ದಲ್ಲಾಳಿ ಹೆಗಲ ಮೇಲಿನ ಟವೆಲ್ಲನ್ನು ಕೈ ಮೇಲೆ ಹರಡಿಕೊಂಡು, ಅದರ ಕೆಳಗೆ ಎದುರಿನವನ ಕೈ ಹಿಡಿದು ಬೆರಳಿನಲ್ಲೇ ಅಂಕಿ ಹೇಳುವುದು ರೂಢಿ. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು. ಅದರಿಂದ ಮೇಲಿನದಕ್ಕೆ ಮೊದಲು ಅಂಗೈಯನ್ನೊಮ್ಮೆ ಒತ್ತಿ ಆಮೇಲೆ ಬೆರಳು. ಒಪ್ಪಿಗೆಯಾದರೆ ಎದುರಿನವನು ದಲ್ಲಾಳಿಯ ಕೈಯನ್ನು ಪೂರ್ತಿ ಮುಚ್ಚಿ ಒತ್ತಬೇಕು. ಹಾಗೆ ಕೈ ಮುಚ್ಚಿದ ಮೇಲೆ ಮಾತು ಮುಗಿಯಿತು, ಆಕಾಶ ಕಳಚಿ ಬಿದ್ದರೂ ಬದಲಾಯಿಸುವಂತಿಲ್ಲ. ಮುಂದೆ ಅಡಿಕೆ ಮಾರುವ ಮಂಡಿಗೆ ಚೀಟಿಯಲ್ಲಿ ದರ ಬರೆದು ಹಾಕುವ ಪದ್ಧತಿ ಬಂತು. ಆದರೂ ತ್ಯಾವಣಿಗೆ, ಉಬ್ರಾಣಿ ಕಡೆಯ ಹಳೆಯ ಬೆಳೆಗಾರರು ಭಾವನ ಬೆರಳನ್ನೇ ನಂಬುತ್ತಿದ್ದರು. ಅವರ ಬೆರಳು ತಪ್ಪಿದ್ದನ್ನು ಕಂಡವರಿಲ್ಲ ಎಂಬ ಮಾತಿತ್ತು. ಅವರ ಅನ್ನ ಬೇಯುತ್ತಿದ್ದುದು ಆ ಮಾತಿನ ಮೇಲೆ.

ಎಂಬತ್ತರ ದಶಕದ ನಡುವಿನಲ್ಲಿ ನಾನು ನ್ಯಾಮತಿಯಲ್ಲಿ ಮೇಷ್ಟ್ರಾಗಿದ್ದೆ. ಒಂದು ಭಾನುವಾರ ಬೆಳಿಗ್ಗೆ ಭಾವ ಪೇಪರಿನ ತುಂಡೊಂದನ್ನು ಹಿಡಿದು ಮನೆಗೆ ಬಂದರು. ಟಿ.ವಿ.ಯವರು ಸಾಮಾನ್ಯ ಜ್ಞಾನದ ರಸಪ್ರಶ್ನೆ ಪಂದ್ಯಾವಳಿ ನಡೆಸುತ್ತಾರಂತೆ, ತಾಲ್ಲೂಕಿಗೊಂದು ಜೋಡಿ, ವಯಸ್ಸಿನ ನಿರ್ಬಂಧವಿಲ್ಲ.

“ಏನಪ್ಪಾ ಮೇಷ್ಟ್ರೇ, ಇಬ್ಬರೂ ಸೇರಿ ಒಂದು ಕೈ ನೋಡಾನಾ?” ಎಂದರು.

“ನ್ಯಾಮತಿಗೆ ಬಂದ ಮೇಲೆ ನಾನು ಹೊನ್ನಾಳಿ ತಾಲ್ಲೂಕಿನವನಲ್ವಾ ಭಾವ? ಆಮೇಲೆ ಯಾರಾದರೂ ತಕರಾರು ತೆಗೆದರೆ?”

“ನಿನ್ನ ಹೆಸರು ಇನ್ನೂ ನಮ್ಮ ಮನೆ ರೇಷನ್ ಕಾರ್ಡಿನಾಗೇ ಐತೆ. ಚನ್ನಗಿರಿಯವನೇ ನೀನು. ಸುಮ್ಮನೆ ಬಾ.”

ಭಾವ ಓದಿದ್ದು ಎಂಟನೇ ಕ್ಲಾಸು. ಆದರೆ ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಓದುವ ಚಟ. ಬೋಂಡ ಕಟ್ಟಿಕೊಟ್ಟ ಕಾಗದವನ್ನೂ ಎಣ್ಣೆ ಒರೆಸಿ ಓದುತ್ತಿದ್ದರು. ಮೊದಲ ಪಂದ್ಯ ಹೊನ್ನಾಳಿಯ ಒಂದು ಶಾಲೆಯಲ್ಲಿ ನಡೆಯಿತು. ಅಂಕಿಗಳ ಸುತ್ತು ಎಂದು ಒಂದಿತ್ತು, ಅಲ್ಲಿ ಎಲ್ಲ ಉತ್ತರವೂ ಸಂಖ್ಯೆಯೇ. ಜೋಡಿಯವರು ಸಮಾಲೋಚಿಸಬಹುದು, ಆದರೆ ಮೈಕಿಗೆ ಮೊದಲು ಕೇಳಿದ್ದೇ ಉತ್ತರ. ನಮ್ಮ ಎದುರಾಳಿ ಹೊನ್ನಾಳಿಯವರು ಪಿಸುಗುಟ್ಟಿ ಎರಡು ಸಲ ಕೆಟ್ಟರು. ಭಾವ ಮೇಜಿನ ಮೇಲೆ ಟವೆಲ್ಲು ಹರಡಿ, ಅದರ ಕೆಳಗೆ ನನ್ನ ಕೈ ಹಿಡಿದರು. ನಾನು ಚಿಕ್ಕವನಿದ್ದಾಗ ಆಟಕ್ಕೆಂದು ಕಲಿಸಿದ್ದ ವಿದ್ಯೆ ಅದು. ಮೈಕಿನ ಮುಂದೆ ಗ್ರಾಂಥಿಕವಾಗಿ ಮಾತಾಡಲು ಅವರಿಗೆ ನಾಚಿಕೆ, ಆದ್ದರಿಂದ ಬಾಯಿ ಮಾತ್ರ ನನ್ನದು. ಗೆದ್ದೆವು.

ಮುಂದಿನ ಪಂದ್ಯ ಬೆಂಗಳೂರಿನಲ್ಲಿ, ಜಗಳೂರಿನವರ ಮೇಲೆ. ಅದನ್ನು ಮೊದಲು ಚಿತ್ರೀಕರಿಸಿಕೊಂಡು, ಮೂರು ವಾರದ ಮೇಲೆ ಟಿ.ವಿ.ಯಲ್ಲಿ ತೋರಿಸುತ್ತಾರೆ ಎಂದರು. ಅಲ್ಲಿಯವರೆಗೆ ಫಲಿತಾಂಶವನ್ನು ಯಾರಿಗೂ ಹೇಳಬಾರದು.

ನನ್ನ ತಲೆಗೆ ಹುಳ ಹೊಕ್ಕಿದ್ದು ಬೆಂಗಳೂರಿನಲ್ಲೇ. ಸ್ಟುಡಿಯೋದಲ್ಲಿ ಕುರ್ಚಿ, ಮೇಜು ಜೋಡಿಸುವ ನಡುವಯಸ್ಸಿನ ಒಬ್ಬಾತ ಭಾವನನ್ನು ಕಂಡದ್ದೇ ಹಲ್ಲು ಕಿರಿದ. ಇಬ್ಬರೂ ಕಂಬದ ಮರೆಗೆ ಹೋದರು. ಭಾವ ಚೀಲದಿಂದ ಪೊಟ್ಟಣವೊಂದನ್ನು ತೆಗೆದು ಅವನ ಕೈಗಿಟ್ಟರು. ಅವನು ಅತ್ತಿತ್ತ ನೋಡಿ ಅದನ್ನು ಅಂಗಿಯೊಳಗೆ ಸೇರಿಸಿಕೊಂಡ. ಅತ್ತಿತ್ತ ಯಾಕೆ ನೋಡಬೇಕು?

“ಯಾರು ಭಾವ ಅದು?”

“ಉಬ್ರಾಣಿಯವನು. ನಮ್ಮ ಕಡೇರು,” ಎಂದಷ್ಟೇ ಹೇಳಿ ಭಾವ ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದರು. ನಾನು ಹತ್ತಿರ ಹೋದಂತೆ ಮತ್ತೆ ಒಳಗೆ ತುರುಕಿದರು. ಊಟ ಮುಗಿಸಿ ಕೈ ತೊಳೆಯುವಲ್ಲಿಯೂ ಗೋಡೆಗೆ ಮುಖ ಮಾಡಿ ಅದನ್ನೇ ನೋಡುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು. ಮುಗಿಯಿತು ಅಂದುಕೊಂಡೆ. ಪ್ರಶ್ನೆಗಳು ಹೊರಗೆ ಬಂದಿವೆ. ಪೊಟ್ಟಣ ಅಲ್ಲಿಗೆ, ಚೀಟಿ ಇಲ್ಲಿಗೆ. ಸಿಕ್ಕಿಬಿದ್ದರೆ ನಾಳೆ ನ್ಯಾಮತಿಯ ಮಕ್ಕಳ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಭಾವನನ್ನೇ ನೇರವಾಗಿ ಕೇಳಬಹುದಿತ್ತು. ಅನುಮಾನದವರು ಕೇಳುವುದಿಲ್ಲ, ಕೇಳಿದರೆ ಅನುಮಾನ ಹೋಗಿಬಿಡುತ್ತದಲ್ಲ!

ಚಿತ್ರೀಕರಣ ಶುರುವಾಯಿತು. ಅಂಕಿಗಳ ಸುತ್ತು ಬಂದದ್ದೇ ಜಗಳೂರಿನ ಜೋಡಿಯಲ್ಲಿ ಹಿರಿಯವರು ಕೈ ಎತ್ತಿದರು.

“ಸ್ವಾಮೀ, ಅವರು ಟವೆಲ್ಲಿನ ಕೆಳಗೆ ಏನೋ ಇಟ್ಕಂಡಾರೆ. ತೆಗೆಸಿ ನೋಡ್ರಿ.”

ಕ್ಯಾಮೆರಾ ನಿಂತಿತು. ಕಾರ್ಯಕ್ರಮದವರು ಬಂದು ಟವೆಲ್ಲು ಎತ್ತಿದರು. ಅಲ್ಲಿ ಇದ್ದದ್ದು ನಮ್ಮ ಎರಡು ಕೈ. ಭಾವ ಬೆರಳ ಲೆಕ್ಕವನ್ನು ವಿವರಿಸಿದಾಗ ಅವರಿಗೆ ಖುಷಿಯೋ ಖುಷಿ. ಇದೂ ಸಮಾಲೋಚನೆಯೇ, ಜನರಿಗೂ ತೋರಿಸೋಣ ಎಂದು ಕ್ಯಾಮೆರಾವನ್ನು ಟವೆಲ್ಲಿಗೇ ತಿರುಗಿಸಿದರು. ಎಲ್ಲರೂ ನಕ್ಕರು. ನಾನು ಮಾತ್ರ ಬೆವರುತ್ತಿದ್ದೆ. ಟವೆಲ್ಲಿನ ಕೆಳಗೆ ಏನೂ ಇಲ್ಲ ನಿಜ, ಜೇಬಿನಲ್ಲಿ ಇದೆಯಲ್ಲ!

ಸುತ್ತು ಮುಂದುವರಿದಾಗ ಭಾವ ಪ್ರಶ್ನೆ ಮುಗಿಯುವ ಮೊದಲೇ ಬೆರಳು ಹಿಡಿಯತೊಡಗಿದರು. ಎಲ್ಲವೂ ಸರಿ. ಒಂದೊಂದು ಸರಿಯುತ್ತರಕ್ಕೂ ನನ್ನ ಅನುಮಾನ ಬಲಿಯುತ್ತಿತ್ತು. ಕೊನೆಗೆ ಎರಡೂ ಜೋಡಿ ಸಮಸಮ. ಉಳಿದದ್ದು ನಮ್ಮ ಪಾಲಿನ ಒಂದೇ ಪ್ರಶ್ನೆ.

“ಸಮುದ್ರದಲ್ಲಿರುವ, ಎಂಟು ಕಾಲುಗಳ ಆಕ್ಟೋಪಸ್ಸಿಗೆ...” ಎಂದು ಪ್ರಶ್ನೆ ಕೇಳುವವರು ಹೇಳುತ್ತಿರುವಾಗಲೇ ಭಾವ ನನ್ನ ಮೂರು ಬೆರಳು ಹಿಡಿದು ಒತ್ತಿದರು.

“...ಎಷ್ಟು ಹೃದಯ?”

ಮೂರು ಹೃದಯ! ಸಮುದ್ರವನ್ನೇ ಕಾಣದ ಅಡಿಕೆ ದಲ್ಲಾಳಿಗೆ ಅದು ಹೇಗೆ ಗೊತ್ತು? ಯಾವ ದೇವರು ಬಂದು ಹೇಳಿದ? ಭಾವ ಮತ್ತೊಮ್ಮೆ ಮೂರು ಬೆರಳು ಒತ್ತಿದರು. ಬಿಟ್ಟರೆ ಸಾಕೆಂದು ನಾನು ಅವರ ಕೈಯನ್ನು ಮುಚ್ಚಿ ಒತ್ತಿದೆ. ಅವರು ನಿರಾಳವಾಗಿ ಹಿಂದಕ್ಕೆ ಒರಗಿದರು. ನಾನು ಮೈಕಿಗೆ ಬಗ್ಗಿ, “ಒಂದು” ಎಂದೆ.

ಪ್ರಶ್ನೆ ಜಗಳೂರಿನವರಿಗೆ ಹೋಯಿತು. ಹಿರಿಯವರು ಸ್ವಲ್ಪ ಯೋಚಿಸಿ “ಮೂರು” ಎಂದರು, ಗೆದ್ದರು. ಇವರಿಗೂ ಚೀಟಿ ಸಿಕ್ಕಿರಬೇಕು ಎಂದು ನನಗೆ ಆಗಲೂ ಅನ್ನಿಸಿತು. ಭಾವ ಕೈಯನ್ನು ಮೆಲ್ಲಗೆ ಎಳೆದುಕೊಂಡು ಟವೆಲ್ಲು ಮಡಚಿದರು. ಊರಿಗೆ ಮರಳುವ ಬಸ್ಸಿನಲ್ಲಿ ಅದನ್ನೇ ಮುಖದ ಮೇಲೆ ಹಾಕಿಕೊಂಡು ಒರಗಿದರು. ನಾನು ಕಳ್ಳತನದಲ್ಲಿ ಪಾಲು ತೆಗೆದುಕೊಳ್ಳದ ಪ್ರಾಮಾಣಿಕ ಎಂದು ಕಿಟಕಿಯ ಪಕ್ಕ ಕುಳಿತು ಬೀಗುತ್ತಿದ್ದೆ.

ಮೂರು ವಾರ ಕಳೆಯಿತು. ಪ್ರಸಾರದ ಸಂಜೆ ಮಂಡಿಯಲ್ಲಿ ಭಾವನ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಚೀಲಗಳ ಮೇಲೆ ಟಿ.ವಿ. ಇಟ್ಟಿದ್ದರು. ಊರಿನವರ ಜೊತೆ ಹಳ್ಳಿಯ ಬೆಳೆಗಾರರೂ ಬಂದಿದ್ದರು. ಭಾವನಿಗೆ ಸೋಲು ಗೊತ್ತು, ನನಗೂ ಗೊತ್ತು. ಆದರೂ ಅವರು ಎಲ್ಲರಿಗೂ ಮಂಡಕ್ಕಿ, ಟೀ ಕೊಡಿಸಿ ನಗುತ್ತ ಓಡಾಡುತ್ತಿದ್ದರು. ಟವೆಲ್ಲು ತೆರೆಯ ಮೇಲೆ ಬಂದಾಗ ಜನ ಶಿಳ್ಳೆ ಹೊಡೆದರು. “ನಮ್ಮ ದಲ್ಲಾಳ್ರ ಟವೆಲ್ಲು ನೋಡ್ರೋ, ಬೆಂಗಳೂರಿಗೆ ಹೋಗೈತೆ!” ಎಂದು ಯಾರೋ ಕೂಗಿದರು.

ಆಮೇಲೆ ಆಕ್ಟೋಪಸ್ಸು ಬಂತು. ನಾನು “ಒಂದು” ಎಂದೆ. ಜಗಳೂರಿನವರು ಮೂರು ಎಂದು ಗೆದ್ದರು.

ತ್ಯಾವಣಿಗೆಯ ಬೆಳೆಗಾರರೊಬ್ಬರು, ಇಪ್ಪತ್ತು ವರ್ಷ ಭಾವನ ಬೆರಳು ನಂಬಿ ಅಡಿಕೆ ಮಾರಿದವರು, ತಿರುಗಿ ಕೇಳಿದರು: “ದಲ್ಲಾಳ್ರೇ, ನೀವು ಎಷ್ಟು ಒತ್ತಿದ್ರಿ?”

ಭಾವ ನನ್ನ ಕಡೆ ನೋಡಲಿಲ್ಲ. “ಒಂದೇ ಒತ್ತಿದ್ದು. ಮೇಷ್ಟ್ರದು ತಪ್ಪಿಲ್ಲ. ನನ್ನ ಬೆರಳೇ ತಪ್ತು,” ಎಂದರು.

ನಾನು ಬಾಯಿಗೆ ಬೀಗ ಹಾಕಿಕೊಂಡು ಕುಳಿತೆ. ನಾಚಿಕೆಗೆಟ್ಟ ನನ್ನ ತಲೆ ಅಲ್ಲಿಯೂ ತನ್ನ ಕೆಲಸ ಬಿಡಲಿಲ್ಲ. ಚೀಟಿಯ ಸಂಗತಿ ಹೊರಗೆ ಬಂದೀತೆಂಬ ಹೆದರಿಕೆಗೇ ಇವರು ತಪ್ಪು ಒಪ್ಪಿಕೊಂಡರು ಎಂದು ಲೆಕ್ಕ ಹಾಕಿತು.

ಮರುದಿನ ಬೆಳಿಗ್ಗೆ ನ್ಯಾಮತಿಗೆ ಹೊರಡುವ ಮುಂಚೆ ಅಕ್ಕ ನನ್ನ ಚೀಲಕ್ಕೆ ರೊಟ್ಟಿ ತುಂಬುತ್ತಿದ್ದಳು. ಸೆರಗಿನ ಗಂಟಿನಿಂದ ಮಡಚಿದ ಕಾಗದ ತೆಗೆದು ಕೊಟ್ಟಳು.

“ಬೆಂಗಳೂರಿಂದ ಬಂದ ಮ್ಯಾಲೆ ಅಂಗಿ ಒಗೆಯಾಕೆ ಹಾಕಾಗ ನಿಮ್ಮ ಭಾವನ ಜೇಬಿನಾಗೆ ಸಿಕ್ತು. ನಿಂದೇ ಅಕ್ಷರ ಅಲ್ಲೇನೋ ಇದು?”

ನನ್ನದೇ ಅಕ್ಷರ. ಕಾಲೇಜಿನ ದಿನಗಳಲ್ಲಿ ಸ್ಪರ್ಧೆಗೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಇವರ ಅಟ್ಟದಲ್ಲೇ ಬಿಟ್ಟು ಮರೆತಿದ್ದ ಹಾಳೆಗಳು. ಅಂಚು ಹಳದಿಯಾಗಿತ್ತು. ಎರಡನೆಯ ಹಾಳೆಯ ಮಧ್ಯದಲ್ಲಿ ನೀಲಿ ಶಾಯಿಯಲ್ಲಿತ್ತು: ಆಕ್ಟೋಪಸ್, ಮೂರು ಹೃದಯ.

“ತಿಂಗಳಿಡೀ ಬಾಯಿಪಾಠ ಮಾಡಿದ್ರು ಕಣೋ,” ಎಂದಳು ಅಕ್ಕ. “ನನ್ನನ್ನೇ ಕೂರಿಸ್ಕಂಡು ಕೇಳು ಕೇಳು ಅಂತಿದ್ರು. ಓದಿದ ಹುಡುಗನ ಪಕ್ಕ ಕೂತು ದಡ್ಡ ಅನ್ನಿಸ್ಕಬಾರದಂತೆ. ನಿನಗೆ ಗೊತ್ತಾದ್ರೆ ನಗ್ತೀಯ ಅಂತ ಮುಚ್ಚಿಟ್ಟಿದ್ರು.”

ಹಾಳೆಯನ್ನು ತಿರುಗಿಸಿ ಇನ್ನೊಮ್ಮೆ ನೋಡಿದೆ. “ಮತ್ತೆ ಉಬ್ರಾಣಿಯವನಿಗೆ ಕೊಟ್ಟ ಪೊಟ್ಟಣ?”

“ಅವನ ಅವ್ವ ಕಳಿಸಿದ ಶೇಂಗಾ ಚಟ್ನಿಪುಡಿ. ಯಾಕೋ?”

ನಾನು ಚೀಲ ಅಲ್ಲೇ ಬಿಟ್ಟು ಮಂಡಿಗೆ ಓಡಿದೆ. ಭಾವ ಒಬ್ಬರೇ ಕುಳಿತಿದ್ದರು. ಕಾಗದವನ್ನು ಮುಂದೆ ಹಿಡಿದು, ನಿಮ್ಮ ಮೇಲೆ ಅನುಮಾನಪಟ್ಟೆ, ಅದಕ್ಕೇ ಬೇಕೆಂದೇ ತಪ್ಪು ಹೇಳಿದೆ ಎಂದು ಎಲ್ಲವನ್ನೂ ಒದರಿದೆ. ಬೈದರೆ ಸಾಕು ಅನ್ನಿಸುತ್ತಿತ್ತು. ಅವರು ಬೈಯಲಿಲ್ಲ.

“ಅನುಮಾನ ಇದ್ರೆ ಕೈ ಎಳಕೋಬೇಕಿತ್ತು ನೀನು,” ಎಂದರು. “ಕೈ ಮುಚ್ಚಿ ಒಪ್ಪಿದ್ಯಲ್ಲಪ್ಪಾ.”

ಅಷ್ಟರಲ್ಲಿ ಹಿಂದಿನ ಸಂಜೆ ಪ್ರಶ್ನೆ ಹಾಕಿದ್ದ ತ್ಯಾವಣಿಗೆಯವರ ಗಾಡಿ ಬಂತು. ಚೀಲ ಇಳಿಸಿ, ಅಡಿಕೆ ನೋಡಿ, ಭಾವ ಎಂದಿನಂತೆ ಹೆಗಲ ಟವೆಲ್ಲು ಕೈ ಮೇಲೆ ಹರಡಿ ಮುಂದಕ್ಕೆ ಚಾಚಿದರು. ಆ ಹಿರಿಯರು ತಮ್ಮ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡರು.

“ಬ್ಯಾಸರ ಮಾಡ್ಕಬ್ಯಾಡ್ರಿ. ಬಾಯಾಗೇ ಹೇಳಿಬಿಡ್ರಿ.”

ನನಗೆ ತಡೆಯಲಾಗಲಿಲ್ಲ. “ಯಜಮಾನ್ರೇ, ಭಾವ ಒತ್ತಿದ್ದು ಮೂರೇ. ಬೇಕಂತಲೇ ಒಂದು ಅಂದವನು ನಾನು. ಆಣೆ ಮಾಡಿ ಹೇಳ್ತೀನಿ, ಅವರ ಬೆರಳು ತಪ್ಪಿಲ್ಲ,” ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಜೀವನವಿಡೀ ಬೇರೆಯವರನ್ನು ನೋಡಿದ್ದು ಹಾಗೆಯೇ.

“ಅಕ್ಕನ ಗಂಡನ ಮಾನ ಉಳಿಸಾಕೆ ಹೇಳ್ತೀರಿ. ನಿನ್ನೆ ಊರೆಲ್ಲ ಕೇಳುವಾಗ ಸುಮ್ಮನೆ ಕೂತಿದ್ರಲ್ಲ ಮೇಷ್ಟ್ರೇ!”

ಭಾವ ಟವೆಲ್ಲನ್ನು ಮಡಚಿ ಹೆಗಲಿಗೆ ಹಾಕಿಕೊಂಡರು. ಒಮ್ಮೆ ಗಂಟಲು ಸರಿ ಮಾಡಿಕೊಂಡು, ದರವನ್ನು ಬಾಯಲ್ಲಿ ಹೇಳಿದರು. ಅಭ್ಯಾಸವಿರಲಿಲ್ಲವಲ್ಲ, ದನಿ ಬೇಕಾದ್ದಕ್ಕಿಂತ ದೊಡ್ಡದಾಯಿತು. ಇಡೀ ಮಂಡಿ ಕೆಲಸ ನಿಲ್ಲಿಸಿ ನಮ್ಮ ಕಡೆ ತಿರುಗಿ ನೋಡಿತು.